ಮರೆಯ ಮಾತು ಮತ್ತು ಪದಪಟ್ಟಿ: ಪೊಲಾರಿಯ ಚರಿತ್ರೆ ಹಾಗೂ ರಾಯಚೂರು ಸೀಮೆಯ ಕೋಥಿ ನುಡಿ

ಒಗಟು, ಗಾದೆ, ಒಡಪು, ಬೈಗುಳಗಳನ್ನು ಕುರಿತು ಕನ್ನಡ ಜಾನಪದ ಅಧ್ಯಯನವು ಸಾಕಷ್ಟು ಬರೆದಿದೆ. ಇವೆಲ್ಲವೂ ಒಂದು ರೀತಿಯಲ್ಲಿ ಮುಚ್ಚಿ ಹೇಳುವ ಪ್ರಕಾರಗಳೇ. ಗಂಡನ ಹೆಸರನ್ನು ನೇರವಾಗಿ ಹೇಳಲಾರದ ಹೆಣ್ಣುಮಗಳು ಒಡಪಿನಲ್ಲಿ ಅದನ್ನು ಮರೆಮಾಡಿ ಹೇಳುತ್ತಾಳೆ. ಒಗಟು ಬಿಡಿಸುವವನನ್ನು ಕಾಯುತ್ತದೆ. ಆದರೆ ಒಂದು ಗುಂಪಿನವರು ಹೊರಗಿನವರಿಗೆ ತಿಳಿಯಲೇಬಾರದೆಂದು ಕಟ್ಟಿಕೊಂಡ ಗುಪ್ತ ನುಡಿಗಳ ವಿಚಾರಕ್ಕೆ ಬಂದಾಗ ನಮ್ಮ ಬರವಣಿಗೆ ಬಹುಮಟ್ಟಿಗೆ ಪದಪಟ್ಟಿಯಲ್ಲಿ ಆರಂಭವಾಗಿ ಪದಪಟ್ಟಿಯಲ್ಲಿಯೇ ಮುಗಿಯುತ್ತದೆ. ಎಡಗಡೆ ಗುಪ್ತ ಪದ, ಬಲಗಡೆ ಅದರ ಅರ್ಥ, ಕೆಳಗೆ ಸಂಗ್ರಹಿಸಿದ ಊರಿನ ಹೆಸರು. ಈ ಪದ್ಧತಿಯನ್ನು ಪ್ರಶ್ನಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅದಕ್ಕಾಗಿ ಇಂಗ್ಲೆಂಡಿನ ಸಲಿಂಗಕಾಮಿ ಪುರುಷರು ಬಳಸುತ್ತಿದ್ದ ಪೊಲಾರಿ ಎಂಬ ಗುಪ್ತ ನುಡಿಯ ಚರಿತ್ರೆಯನ್ನು ಒಂದು ಕಡೆಗೂ, ರಾಯಚೂರು ನಗರ, ದೇವದುರ್ಗ, ಮಾನ್ವಿಗಳನ್ನು ಒಳಗೊಂಡ ಎಡೆದೊರೆ ನಾಡಿನಲ್ಲಿ ಕೋಥಿ, ಹಿಜ್ರಾ, ಜೋಗಪ್ಪ ಸಮುದಾಯಗಳ ನಡುವಿನ ಮಾತನ್ನು ಇನ್ನೊಂದು ಕಡೆಗೂ ಇಟ್ಟು ನೋಡಲಾಗಿದೆ.

ಆಕರಗಳ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಈ ಪ್ರಬಂಧದಲ್ಲಿ ಬರುವ ಗುಪ್ತ ಪದಗಳೆಲ್ಲವೂ ಈಗಾಗಲೇ ಪುಸ್ತಕಗಳಲ್ಲಿ, ವರದಿಗಳಲ್ಲಿ ಅಚ್ಚಾಗಿರುವಂಥವು. ಬಾಯಿಂದ ಬಾಯಿಗೆ ಮಾತ್ರ ಇರುವ ಒಂದು ಪದವನ್ನೂ ಇಲ್ಲಿ ಕೊಟ್ಟಿಲ್ಲ. ಇದು ಸಂಕೋಚವಲ್ಲ, ವಿಧಾನ. ಅದರ ಕಾರಣ ಮುಂದೆ ಸ್ಪಷ್ಟವಾಗುತ್ತದೆ.

ಮರೆಯ ಮಾತಿಗೆ ಎಡೆದೊರೆ ನಾಡು ಹೊಸದಲ್ಲ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು ಹುಟ್ಟಿದರು. ಅವರ ಶಿಷ್ಯ ಗೋಪಾಲದಾಸರದು ದೇವದುರ್ಗ ಸೀಮೆಯ ಮೊಸರಕಲ್ಲು. ಮಾನ್ವಿಯೇ ಜಗನ್ನಾಥದಾಸರ ಕಾರ್ಯಕ್ಷೇತ್ರ. ದಾಸಸಾಹಿತ್ಯದಲ್ಲಿ ಮುಂಡಿಗೆ ಎಂಬುದೊಂದು ಗೌರವದ ಪ್ರಕಾರ. ಅರ್ಥವನ್ನು ಬಚ್ಚಿಟ್ಟು ಪಂಡಿತರಿಗೆ ಸವಾಲೆಸೆಯುವುದು ಅದರ ಗುಣ. ಶರಣರಲ್ಲಿ ಬೆಡಗಿನ ವಚನಗಳಿವೆ. ಅವುಗಳಿಗೆ ಟೀಕೆ ಬರೆಯುವುದು ಒಂದು ಕಾಲದಲ್ಲಿ ವಿದ್ವತ್ತಿನ ಒರೆಗಲ್ಲಾಗಿತ್ತು. ಇತ್ತ ಜಾನುವಾರು ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ನಮ್ಮ ವಿದ್ವಾಂಸರು ಜನಪದರ ಜಾಣ್ಮೆಯೆಂದು ಮೆಚ್ಚಿದ್ದಾರೆ. ದೇವರಿಗಾಗಿ ಮುಚ್ಚಿಟ್ಟರೆ ಅನುಭಾವ, ದುಡ್ಡಿಗಾಗಿ ಮುಚ್ಚಿಟ್ಟರೆ ಜಾಣ್ಮೆ. ಮೈಯ ಹಾಗೂ ಒಲವಿನ ಕಾರಣಕ್ಕೆ ಮುಚ್ಚಿಟ್ಟುಕೊಂಡವರ ಮಾತು ಮಾತ್ರ ಅಧ್ಯಯನಕ್ಕೆ ಯೋಗ್ಯವಲ್ಲದ ಪೋಲಿ ಮಾತಾಗಿ ಉಳಿದದ್ದು ಹೇಗೆ ಎಂದು ನಮ್ಮ ಶಿಸ್ತು ತನ್ನನ್ನು ತಾನೇ ಕೇಳಿಕೊಂಡಿಲ್ಲ. ಒಂದು ವ್ಯತ್ಯಾಸವನ್ನು ಒಪ್ಪಬೇಕು. ಬೆಡಗು ಮತ್ತು ಮುಂಡಿಗೆಗಳು ಟೀಕೆಯನ್ನು ಬಯಸುತ್ತವೆ, ಬಿಡಿಸಿದಾಗ ಅವುಗಳ ಬೆಲೆ ಹೆಚ್ಚುತ್ತದೆ. ಬಿಡಿಸಿದೊಡನೆ ಕೆಲಸ ಕೆಡುವುದು ಸಂತೆಯ ಬೆರಳಿನ ಮಾತಿಗೂ ಕೋಥಿ ನುಡಿಗೂ ಸಮಾನವಾದದ್ದು.

ಪೊಲಾರಿಯ ಚರಿತ್ರೆ ಈ ದೃಷ್ಟಿಯಿಂದ ಬಹಳ ಉಪಯುಕ್ತ. ಮಾತನಾಡು ಎಂಬರ್ಥದ ಇಟಾಲಿಯನ್ ‘ಪಾರ್ಲಾರೆ’ಯಿಂದ ಬಂದ ಹೆಸರು ಇದು. ಇದರ ಹಿಂದೆ ಪಾರ್ಲಿಯಾರಿ ಎಂಬ ಹಳೆಯ ನುಡಿಯಿದೆ. ಜಾತ್ರೆಯವರು, ಸರ್ಕಸ್ಸಿನವರು, ಬೀದಿಯಾಟದವರು, ಅಲೆಮಾರಿ ನಟರು ಅದನ್ನು ಆಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಲಂಡನ್ನಿನ ಬಡಜನರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ ಗೊಂಬೆಯಾಟದವರ ಬಾಯಲ್ಲಿ ಈ ಬಗೆಯ ಪದಗಳನ್ನು ಕೇಳಿ ಬರೆದಿದ್ದಾನೆ. ಇಟಾಲಿಯನ್, ರೊಮಾನಿ, ಯಿಡ್ಡಿಶ್ ಪದಗಳು, ನಾವಿಕರ ಬೆರಕೆ ನುಡಿ, ಲಂಡನ್ನಿನ ಪ್ರಾಸದ ಆಡುಮಾತು, ತಿರುವುಮುರುವು ಪದಗಳು ಎಲ್ಲವೂ ಅದರಲ್ಲಿ ಕೂಡಿಕೊಂಡವು. ‘ಬೋನಾ’ ಎಂದರೆ ಒಳ್ಳೆಯದು, ‘ವಾಡಾ’ ಎಂದರೆ ನೋಡು, ‘ಓಮಿ’ ಎಂದರೆ ಗಂಡು, ‘ಪಲೋನ್’ ಎಂದರೆ ಹೆಣ್ಣು. ಎರಡೂ ಕೂಡಿ ‘ಓಮಿ-ಪಲೋನ್’ ಎಂದರೆ ಸಲಿಂಗಕಾಮಿ ಪುರುಷ. ‘ಹೇರ್’ ಎಂಬುದನ್ನು ಹಿಂದುಮುಂದಾಗಿಸಿ ಕೂದಲಿಗೆ ‘ರಾಯಾ’ ಎಂದರು. ಈ ಯುಕ್ತಿ ನಮಗೂ ಪರಿಚಿತವೇ. ಪ್ರತಿ ಅಕ್ಷರಕ್ಕೂ ‘ಕ’ ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತನಾಡುವ ಮಕ್ಕಳ ಭಾಷೆ ಇದರ ದೂರದ ನಂಟ.

ರಂಗಭೂಮಿ ಮತ್ತು ವ್ಯಾಪಾರಿ ಹಡಗುಗಳ ಮೂಲಕ ಈ ನುಡಿ ಸಲಿಂಗಕಾಮಿ ಪುರುಷರ ಬಳಕೆಗೆ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲ ಆರೇಳು ದಶಕಗಳಲ್ಲಿ ಅದು ಅವರಿಗೆ ಕವಚವೂ ಆಗಿತ್ತು, ಆಟವೂ ಆಗಿತ್ತು. ಸಲಿಂಗ ಸಂಬಂಧ ಆಗ ಇಂಗ್ಲೆಂಡಿನಲ್ಲಿ ಅಪರಾಧ. ಎದುರು ಕುಳಿತವನು ನಮ್ಮವನೋ ಮಫ್ತಿಯ ಪೊಲೀಸನೋ ಎಂದು ಒಂದು ಪದ ಉದುರಿಸಿ ಪರೀಕ್ಷಿಸಬಹುದಾಗಿತ್ತು. ‘ನಾಂಟಿ ಪೊಲಾರಿ’ ಎಂದರೆ ಮಾತು ಬೇಡ, ಬಾಯಿ ಮುಚ್ಚು ಎಂಬ ಎಚ್ಚರಿಕೆ. 1965ರಿಂದ 1968ರವರೆಗೆ ಬಿ.ಬಿ.ಸಿ. ಬಾನುಲಿಯಲ್ಲಿ ‘ರೌಂಡ್ ದ ಹಾರ್ನ್’ ಎಂಬ ಹಾಸ್ಯ ಕಾರ್ಯಕ್ರಮ ಬಿತ್ತರವಾಯಿತು. ಹ್ಯೂ ಪ್ಯಾಡಿಕ್ ಮತ್ತು ಕೆನೆತ್ ವಿಲಿಯಮ್ಸ್ ನಟಿಸಿದ ಜೂಲಿಯನ್, ಸ್ಯಾಂಡಿ ಎಂಬ ಪಾತ್ರಗಳು ಭಾನುವಾರದ ಊಟದ ಹೊತ್ತಿಗೆ ಮನೆಮನೆಗೂ ಪೊಲಾರಿಯನ್ನು ಕೇಳಿಸಿದವು. ಕೇಳುಗರು ನಕ್ಕರು. ಅನೇಕರಿಗೆ ತಾವು ನಗುತ್ತಿರುವುದು ಏತಕ್ಕೆಂದು ಪೂರ್ತಿ ತಿಳಿದಿರಲಿಲ್ಲ. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ, 21 ವರ್ಷ ಮೀರಿದ ಪುರುಷರ ನಡುವಿನ ಖಾಸಗಿ ಸಂಬಂಧವನ್ನು ಕಾನೂನು ಅಪರಾಧದ ಪಟ್ಟಿಯಿಂದ ತೆಗೆಯಿತು. 1970ರ ದಶಕದ ವಿಮೋಚನಾ ಚಳವಳಿಯ ಕೆಲವರಿಗೆ ಪೊಲಾರಿ ನಾಚಿಕೆಯ ಕಾಲದ ಉಳಿಕೆಯಾಗಿ ಕಂಡಿತು. ಹೀಗೆ ಅದು ಬಳಕೆಯಿಂದ ಸರಿಯಿತು. ಪಾಲ್ ಬೇಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಶೀರ್ಷಿಕೆಯಲ್ಲಿಯೇ ಅದನ್ನು ಕಳೆದುಹೋದ ಭಾಷೆ ಎಂದು ಕರೆಯುತ್ತದೆ. ಅದೇ ವರ್ಷ ಅವರ ನಿಘಂಟೂ ಬಂದಿತು.

ಬೇಕರರ ಕೆಲಸ ಮೌಲಿಕವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ ಅವರನ್ನು ಓದಿದ ಅನೇಕರು ಆ ಚರಿತ್ರೆಯಿಂದ ಒಂದು ಸರಳ ಸೂತ್ರವನ್ನು ತೆಗೆದಿದ್ದಾರೆ: ದಮನವಿದ್ದಾಗ ಗುಪ್ತ ಭಾಷೆ ಹುಟ್ಟುತ್ತದೆ, ದಮನ ಹೋದಾಗ ಸಾಯುತ್ತದೆ, ಸತ್ತ ಮೇಲೆ ನಿಘಂಟಾಗುತ್ತದೆ. ಈ ಸೂತ್ರ ಗುಪ್ತ ನುಡಿಯನ್ನು ಬರಿಯ ಬೀಗವೆಂದು ಭಾವಿಸುತ್ತದೆ. ಬೀಗದ ಕೆಲಸ ಮುಗಿದರೆ ಬೀಗ ಬೇಡ. ಪೊಲಾರಿಯ ಸ್ವರೂಪವೇ ಇದನ್ನು ಒಪ್ಪುವುದಿಲ್ಲ. ಬಳಸುವವರೆಲ್ಲರಿಗೂ ತಿಳಿದಿದ್ದ ಪದಗಳು ಕೆಲವೇ. ಸಂಗ್ರಹಗಳಲ್ಲಿ ಕಾಣುವ ನೂರಾರು ಪದಗಳಲ್ಲಿ ಬಹುಪಾಲು ಮುಖ, ಮೈ, ಉಡುಗೆ, ಕೂದಲು, ನಡಿಗೆಗಳ ಬಣ್ಣನೆಗೆ ಸೇರಿದವು. ರಕ್ಷಣೆಗೆ ಇಷ್ಟೊಂದು ಅಲಂಕಾರ ಬೇಕಿಲ್ಲ. ಎಂ. ಎ. ಕೆ. ಹ್ಯಾಲಿಡೇ 1976ರಲ್ಲಿ ಪ್ರತಿಭಾಷೆಗಳನ್ನು ಕುರಿತು ಬರೆದ ಪ್ರಸಿದ್ಧ ಲೇಖನದಲ್ಲಿ ಇದನ್ನೇ ಗುರುತಿಸಿದರು. ಇಂಥ ನುಡಿಗಳು ಮೂಲ ಭಾಷೆಯ ವ್ಯಾಕರಣವನ್ನು ಉಳಿಸಿಕೊಂಡು ಪದಗಳನ್ನು ಮಾತ್ರ ಬದಲಿಸುತ್ತವೆ. ತಮಗೆ ಮುಖ್ಯವಾದ ಕಡೆ ಒಂದೇ ವಸ್ತುವಿಗೆ ಹತ್ತು ಪದ ಇಟ್ಟುಕೊಳ್ಳುತ್ತವೆ. ಏಕೆಂದರೆ ಅವು ಗುಟ್ಟನ್ನಷ್ಟೇ ಕಾಯುವುದಿಲ್ಲ, ಇನ್ನೊಂದು ಸಮಾಜವನ್ನೇ ನಿಲ್ಲಿಸಿಕೊಳ್ಳುತ್ತವೆ. ಹ್ಯಾಲಿಡೇಯವರ ಮುಖ್ಯ ಆಕರಗಳಲ್ಲಿ ಒಂದು ಬಂಗಾಳದ ಭೂಗತ ಜಗತ್ತಿನ ಮಾತನ್ನು ಕುರಿತ ಭಕ್ತಿಪ್ರಸಾದ ಮಲ್ಲಿಕ್ ಅವರ 1972ರ ಅಧ್ಯಯನ ಎಂಬುದನ್ನು ನಮ್ಮಲ್ಲಿ ಹ್ಯಾಲಿಡೇಯವರನ್ನು ಉದ್ಧರಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಭಾರತದ ಹಿಜ್ರಾ ಮತ್ತು ಕೋಥಿ ಸಮುದಾಯಗಳ ಒಳನುಡಿಗೆ ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಬೇರೆ ಹೆಸರು. ಉತ್ತರದಲ್ಲಿ ಫಾರ್ಸಿ, ಬಂಗಾಳದಲ್ಲಿ ಉಲ್ಟಿ. ಫಾರ್ಸಿಯೆಂದರೂ ಅದು ಪಾರಸಿಯಲ್ಲ. ಹಿಂದಿ-ಉರ್ದುವಿನ ವ್ಯಾಕರಣದ ಮೇಲೆ ಬೇರೆ ಪದಗಳನ್ನು ಕೂರಿಸಿದ ನುಡಿ. ಅರಮನೆ ಮತ್ತು ದರ್ಬಾರಿನೊಂದಿಗೆ ತಮಗಿದ್ದ ನಂಟನ್ನು ನೆನೆಯುವ ಸಮುದಾಯ ತನ್ನ ಮಾತಿಗೆ ದರ್ಬಾರಿನ ಭಾಷೆಯ ಹೆಸರನ್ನೇ ಇಟ್ಟುಕೊಂಡದ್ದು ಸಹಜ. ದಖ್ಖನಿನ ಮಟ್ಟಿಗೆ ಗಾಯತ್ರಿ ರೆಡ್ಡಿಯವರು ಹೈದರಾಬಾದಿನ ಹಿಜ್ರಾ ಸಮುದಾಯವನ್ನು ಕುರಿತು 2005ರಲ್ಲಿ ಪ್ರಕಟಿಸಿದ ಗ್ರಂಥ ಮುಖ್ಯ ಆಕರ. ಅಲ್ಲಿ ಕೋಥಿ, ಪಂಥಿ, ಹೆಂಗಸಿಗೆ ‘ನಾರನ್’, ಸೀರೆಯುಡದ ಕೋಥಿಯರಿಗೆ ‘ಕಡಾ-ಚಟ್ಲಾ’ ಎಂಬ ಪದಗಳು ಬರುತ್ತವೆ. ಈ ‘ಚಟ್ಲಾ’ವೇ ಇತರ ಬರವಣಿಗೆಗಳಲ್ಲಿ ‘ಸಟ್ಲಾ’ ಆಗಿದೆ. ಬರಹಕ್ಕೆ ಸಿಗದೆ ಕಿವಿಯಿಂದ ಕಿವಿಗೆ ಸಾಗಿದ ಪದ ಹೀಗೆ ಉಚ್ಚಾರ ಬದಲಿಸಿಕೊಳ್ಳುವುದು ಜಾನಪದ ವಿದ್ಯಾರ್ಥಿಗೆ ಹೊಸ ವಿಷಯವಲ್ಲ.

ಹೈದರಾಬಾದಿನ ಆಕರವನ್ನು ರಾಯಚೂರಿಗೆ ತರುವುದು ಎಳೆದು ತಂದ ಹೋಲಿಕೆಯಲ್ಲ. 1948ರವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದ್ರಾಸು ಕಡೆಯ ರೈಲು ಹಾದಿಗಳು ಕೂಡಿದ್ದು ರಾಯಚೂರಿನಲ್ಲಿಯೇ. ಕೋಟೆಯ ಸುತ್ತಲಿನ ಪೇಟೆಯಲ್ಲಿ, ಹತ್ತಿಯ ಗಂಜಿನಲ್ಲಿ, ರೈಲು ನಿಲ್ದಾಣದಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಪೊಲಾರಿಗೆ ಬಂದರುಗಳು ಏನಾಗಿದ್ದವೋ ಗುಪ್ತ ನುಡಿಗೆ ಜಂಕ್ಷನ್ ಊರುಗಳು ಅದೇ ಆಗುತ್ತವೆ. ದೇವದುರ್ಗ ಮತ್ತು ಮಾನ್ವಿಗಳು ಕನ್ನಡ ಗಟ್ಟಿಯಾಗಿರುವ ಸೀಮೆಗಳು. ಅಲ್ಲಿಗೆ ಹೋದಂತೆಲ್ಲ ಉರ್ದು ಮೂಲದ ವಾಕ್ಯ ಹಿಂದೆ ಸರಿದು ಪದಗಳು ಕನ್ನಡದ ವಿಭಕ್ತಿಯನ್ನು ತೊಡುತ್ತವೆ. ‘ಪಂಥಿಗೆ’, ‘ಕೋಥಿಯಿಂದ’ ಎನ್ನುವಾಗ ಗುಟ್ಟು ಪದದಲ್ಲಿದೆ, ಮನೆ ಪ್ರತ್ಯಯದಲ್ಲಿದೆ.

‘ಕೋಥಿ’ ಎಂಬ ಪದದ ಬಗ್ಗೆಯೇ ಒಂದಿಷ್ಟು ನಿಲ್ಲಬೇಕು. ಹುಟ್ಟಿನಲ್ಲಿ ಗಂಡೆಂದು ಗುರುತಿಸಲ್ಪಟ್ಟು ಹೆಣ್ಣಿನ ನಡೆ-ನುಡಿಯನ್ನು ತನ್ನದಾಗಿಸಿಕೊಂಡು ಗಂಡಸರತ್ತ ಒಲಿದವರು ತಮಗೆ ತಾವು ಕೊಟ್ಟುಕೊಂಡ ಹೆಸರು ಅದು. ಕನ್ನಡದ ಬಾಯಿಯಲ್ಲಿ, ಅದರಲ್ಲೂ ಮಹಾಪ್ರಾಣ ಉಳಿಯದ ಹಳ್ಳಿಯ ಬಾಯಿಯಲ್ಲಿ, ಅದು ‘ಕೋತಿ’ ಎಂದೇ ಕೇಳಿಸುತ್ತದೆ. ಈ ಆಕಸ್ಮಿಕ ಕನ್ನಡದಲ್ಲಿ ಪದಕ್ಕೆ ವಿಚಿತ್ರ ಬದುಕನ್ನು ಕೊಟ್ಟಿದೆ. ಹೊರಗಿನವನಿಗೆ ಅದು ಮಂಗನ ಹೆಸರು. ಆದ್ದರಿಂದ ಸಂತೆಯ ನಡುವೆ ಗಟ್ಟಿಯಾಗಿ ಆಡಿದರೂ ಯಾರೂ ತಿರುಗಿ ನೋಡರು. ಆದರೆ ಒಮ್ಮೆ ಅರ್ಥ ಬಯಲಾದರೆ ಅದೇ ಪದ ಲೇವಡಿಗೆ ಸಿದ್ಧವಾಗಿ ನಿಲ್ಲುತ್ತದೆ. ಬರಹದಲ್ಲಿ ಮಹಾಪ್ರಾಣವನ್ನು ಉಳಿಸಿ ‘ಕೋಥಿ’ ಎಂದು ಬರೆಯುವ ಪದ್ಧತಿಯನ್ನು ಬರಿಯ ಕಾಗುಣಿತದ ಶುದ್ಧಿಯೆಂದು ತಿಳಿಯಬಾರದು. ಮನುಷ್ಯರನ್ನು ಪ್ರಾಣಿಯಿಂದ ಬೇರ್ಪಡಿಸುವ ಒಂದು ಗೆರೆ ಅದು.

ಬಹುವಚನದಲ್ಲಿಯೂ ಇದೇ ತೊಡಕು. ನಮ್ಮ ಪತ್ರಿಕೆಗಳು, ಸರ್ಕಾರಿ ಸುತ್ತೋಲೆಗಳು ‘ಕೋಥಿಗಳು’, ‘ಹಿಜಡಾಗಳು’ ಎಂದು ಬರೆಯುತ್ತ ಬಂದಿವೆ. ‘ಗುರುಗಳು’, ‘ಸ್ವಾಮಿಗಳು’ ಎಂಬಲ್ಲಿ ‘ಗಳು’ ಗೌರವದ್ದು ನಿಜ. ಆದರೆ ‘ಹಿಜಡಾಗಳು’ ಎಂಬಲ್ಲಿ ಅದು ಗೌರವದ್ದಲ್ಲವೆಂದು ತಿಳಿಯಲು ಮುಂದಿನ ಕ್ರಿಯಾಪದವನ್ನು ಕೇಳಿದರೆ ಸಾಕು. ‘ಬಂದರು’ ಎನ್ನಬೇಕಾದಲ್ಲಿ ಎಷ್ಟೋ ಬಾರಿ ‘ಬಂದವು’ ಎಂದು ಬರುತ್ತದೆ. ಬೀದಿಯ ಬೈಗುಳಗಳನ್ನು ಇಲ್ಲಿ ಪಟ್ಟಿ ಮಾಡುವ ಅಗತ್ಯವಿಲ್ಲ. ವ್ಯಾಕರಣವೇ ಬೈಗುಳವಾಗಬಲ್ಲುದು.

ಇಲ್ಲಿಂದ ಪ್ರಬಂಧದ ಮುಖ್ಯ ಮಾತಿಗೆ ಬರಬಹುದು. ಕಿರಾ ಹಾಲ್ ಮತ್ತು ವೆರೋನಿಕಾ ಓ’ಡೊನೊವನ್ ಬನಾರಸಿನ ಹಿಂದಿ ಮಾತನಾಡುವ ಹಿಜ್ರಾಗಳನ್ನು ಕುರಿತು 1996ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಬಹಳ ಉಲ್ಲೇಖಗೊಂಡದ್ದು. ಹಿಂದಿಯ ಕ್ರಿಯಾಪದ ಉತ್ತಮ ಪುರುಷದಲ್ಲಿಯೂ ಲಿಂಗವನ್ನು ಸೂಚಿಸುತ್ತದೆ. ‘ನಾನು ಬಂದೆ’ ಎನ್ನುವಾಗಲೇ ಹೇಳುವವರು ಗಂಡೋ ಹೆಣ್ಣೋ ಎಂಬುದನ್ನು ಆರಿಸಿಕೊಳ್ಳಬೇಕು. ಹಿಜ್ರಾಗಳು ಸಂದರ್ಭಕ್ಕೆ ತಕ್ಕಂತೆ ಈ ಎರಡರ ನಡುವೆ ಚಲಿಸುವುದನ್ನು ಆ ಲೇಖನ ಸೂಕ್ಷ್ಮವಾಗಿ ತೋರಿಸಿತು. ನಮ್ಮ ಕೆಲವು ಸಂಶೋಧಕರು ಅದೇ ಮಾದರಿಯನ್ನು ಕನ್ನಡಕ್ಕೂ ಹಚ್ಚಲು ನೋಡುತ್ತಾರೆ. ಅದು ಹತ್ತುವುದಿಲ್ಲ. ಕನ್ನಡದಲ್ಲಿ ‘ಬಂದೆ’ ಎಂಬುದಕ್ಕೆ, ರಾಯಚೂರಿನ ‘ಬಂದೀನಿ’ ಎಂಬುದಕ್ಕೆ ಲಿಂಗವಿಲ್ಲ. ‘ನೀ ಬಂದೀ’ ಎಂಬುದಕ್ಕೂ ಇಲ್ಲ. ಲಿಂಗ ಕಾಣುವುದು ಪ್ರಥಮ ಪುರುಷದಲ್ಲಿ: ‘ಅಂವ ಬಂದಾನ’, ‘ಆಕಿ ಬಂದಾಳ’. ಇನ್ನು ಕಾಣುವುದು ಕರೆಯುವ ಮಾತಿನಲ್ಲಿ: ಗಂಡಸಿಗೆ ‘ಏನಪಾ’, ‘ಬಾರಲೇ’, ಹೆಂಗಸಿಗೆ ‘ಏನವಾ’, ‘ಬಾರವ್ವಾ’.

ಇದರ ಪರಿಣಾಮ ಸಣ್ಣದಲ್ಲ. ತಾನು ಹೆಣ್ಣೆಂದು ಕ್ರಿಯಾಪದದ ಮೂಲಕ ತಾನೇ ಹೇಳಿಕೊಳ್ಳುವ ಅವಕಾಶ ಕನ್ನಡದಲ್ಲಿ ಇಲ್ಲ. ಅದನ್ನು ಇನ್ನೊಬ್ಬರು ಹೇಳಬೇಕು. ‘ಆಕಿ ಬಂದಾಳ’ ಎಂದು ತನ್ನ ಬಗ್ಗೆ ಮೂರನೆಯವರೊಂದಿಗೆ ಹೇಳುವ ಒಬ್ಬ ಗೆಳತಿ ಬೇಕು. ‘ಬಾರವ್ವಾ’ ಎಂದು ಕರೆಯುವ ಒಂದು ಮನೆ ಬೇಕು. ಹಗಲೆಲ್ಲ ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ‘ಅಂವ’ ಆಗಿರುವವರು ಕೂಡಿದಾಗ ಒಬ್ಬರಿಗೊಬ್ಬರು ‘ಆಕಿ’ಯನ್ನು ಕೊಟ್ಟುಕೊಳ್ಳುತ್ತಾರೆ. ಹಾಗಾಗಿ ಕನ್ನಡದ ಕೋಥಿ ನುಡಿಯಲ್ಲಿ ಬಹಳ ಮುಖ್ಯವಾದ ಗುಪ್ತ ಅಂಶ ಯಾವ ಪದಪಟ್ಟಿಗೂ ಸಿಗುವುದಿಲ್ಲ. ‘ಆಳ’ ಎಂಬ ಪ್ರತ್ಯಯವಾಗಲಿ ‘ಅವ್ವ’ ಎಂಬ ಸಂಬೋಧನೆಯಾಗಲಿ ಎಲ್ಲರೂ ಬಲ್ಲ ಕನ್ನಡವೇ. ಅದು ಯಾರಿಗೆ ಸಲ್ಲುತ್ತದೆ ಎಂಬುದರಲ್ಲಿ ಮಾತ್ರ ಗುಟ್ಟಿದೆ. ಪದವನ್ನು ಕದ್ದು ಕೇಳಿದವನು ಅರ್ಥವನ್ನು ಊಹಿಸಬಹುದು. ‘ಆಕಿ ಇನ್ನೂ ಬಂದಿಲ್ಲೇನು’ ಎಂಬ ಮಾತನ್ನು ಕೇಳಿದವನಿಗೆ ಅದರಲ್ಲಿ ಕದಿಯಬೇಕಾದದ್ದು ಏನಿದೆಯೆಂದೇ ತಿಳಿಯುವುದಿಲ್ಲ.

ಪೊಲಾರಿಯನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಇಂಗ್ಲಿಷಿನಲ್ಲಿಯೂ ‘ನಾನು’ ಎಂಬುದಕ್ಕೆ ಲಿಂಗವಿಲ್ಲ, ಇರುವುದು ‘ಅವನು’, ‘ಅವಳು’ ಎಂಬಲ್ಲಿ. ಪೊಲಾರಿ ಆಡುವವರು ಗಂಡಸರನ್ನೆಲ್ಲ ‘ಅವಳು’ ಎಂದೇ ಕರೆದರು. ತಮ್ಮವರಿಗೆ ಅದು ಒಡನಾಟದ ಮಾತು, ಹೊರಗಿನ ಗಂಡಸಿಗೆ ಅದೇ ಚುಚ್ಚುಮಾತು. ಪೊಲೀಸನಿಗೂ ಹೆಣ್ಣು ಹೆಸರಿಟ್ಟು ‘ಲಿಲಿ ಲಾ’ ಎಂದರು. ಕೈಕೋಳವನ್ನು ಬಳೆಯೆಂದು ಭಾವಿಸಿ ‘ಬೆಟ್ಟಿ ಬ್ರೇಸ್ಲೆಟ್ಸ್’ ಎಂದೂ ಕರೆದರು. ಹಿಡಿಯಲು ಬಂದವನ ಕೈಗೇ ಬಳೆ ತೊಡಿಸುವ ಈ ಗುಣ ನಮ್ಮ ಹಳ್ಳಿಯ ಹೆಂಗಸರ ಬೈಗುಳಕ್ಕೂ ದೂರದ್ದಲ್ಲ. ಎರಡು ಬೇರೆ ಭಾಷಾವಂಶಗಳ, ಪರಸ್ಪರ ಸಂಪರ್ಕವಿಲ್ಲದ ಎರಡು ಸಮುದಾಯಗಳು ಒಂದೇ ವ್ಯಾಕರಣದ ಬಿರುಕನ್ನು ಒಂದೇ ಬಗೆಯಲ್ಲಿ ಬಳಸಿಕೊಂಡಿವೆ. ಪೊಲಾರಿಯ ನಿಘಂಟುಗಳಲ್ಲಿ ‘ಅವಳು’ ಎಂಬುದು ನೂರಾರು ನಮೂದುಗಳ ನಡುವೆ ಒಂದು ನಮೂದು ಮಾತ್ರ. ಆದರೆ ಆ ಒಂದು ಪದವಿಲ್ಲದೆ ಉಳಿದವುಗಳಿಗೆ ಜೀವವಿಲ್ಲ.

‘ಪಂಥಿ’ ಎಂಬ ಪದವೂ ಇದನ್ನೇ ಹೇಳುತ್ತದೆ. ಅದು ಕೋಥಿಯ ಗಂಡು ಸಂಗಾತಿಗೆ ಕೋಥಿಯರು ಕೊಟ್ಟ ಹೆಸರು. ಆ ಗಂಡಸು ತನ್ನನ್ನು ತಾನು ಹಾಗೆ ಕರೆದುಕೊಳ್ಳುವುದು ಅಪರೂಪ. ಅನೇಕ ವೇಳೆ ಆ ಹೆಸರು ತನಗಿದೆಯೆಂಬುದೂ ಅವನಿಗೆ ಗೊತ್ತಿರುವುದಿಲ್ಲ. ಊರಿನ ಗಂಡಸರೆಲ್ಲ ತಮಗೆ ತಿಳಿಯದಂತೆಯೇ ಇನ್ನೊಂದು ವರ್ಗೀಕರಣಕ್ಕೆ ಒಳಗಾಗಿರುತ್ತಾರೆ. ಹೆಸರಿಡುವ ಅಧಿಕಾರವಿಲ್ಲದವರು ಹೆಸರಿಟ್ಟು ನೋಡುವ ಜಾಗ ಅದು.

ಸಂಬೋಧನೆ ಹೀಗೆ ಕೇಂದ್ರವಾದಾಗ ಜೋಗಪ್ಪ ಪರಂಪರೆಯನ್ನು ಬೇರೆಯಾಗಿ ಓದಬೇಕಾಗುತ್ತದೆ. ಸವದತ್ತಿಯ ಎಲ್ಲಮ್ಮ ಮತ್ತು ತುಂಗಭದ್ರೆಯ ದಡದ ಹುಲಿಗೆಮ್ಮ ಈ ಪರಂಪರೆಯ ಎರಡು ದೊಡ್ಡ ಕ್ಷೇತ್ರಗಳು. 1997ರಲ್ಲಿ ಕೊಪ್ಪಳ ಜಿಲ್ಲೆ ಆಗುವವರೆಗೆ ಹುಲಿಗಿ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟು, ಚೌಡಿಕೆ ಹಿಡಿದು, ಕೊಡ ಹೊತ್ತು ಬರುವ ಜೋಗಪ್ಪನನ್ನು ಊರವರೇ ‘ಯವ್ವಾ’ ಎಂದು ಕರೆದು ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ನಿಕೋಲಸ್ ಬ್ರಾಡ್‌ಫರ್ಡ್ 1983ರಲ್ಲಿ ಎಲ್ಲಮ್ಮನ ಆರಾಧನೆಯನ್ನು ಕುರಿತು ಬರೆದ ಲೇಖನ ದೇವಿಯ ‘ಕಾಟ’ ಮತ್ತು ದೇಹದ ಬಿಸಿಯ ಕಲ್ಪನೆಗಳಿಗೆ ಒತ್ತು ಕೊಟ್ಟಿತು, ಆದರೆ ಈ ಕರೆಯ ಕಡೆಗೆ ಕಿವಿಗೊಡಲಿಲ್ಲ. ಕೋಥಿಗೆ ಗುಟ್ಟಿನಲ್ಲಿ ನಾಲ್ಕು ಜನರಿಂದ ಸಿಗುವ ‘ಅವ್ವ’ ಜೋಗಪ್ಪನಿಗೆ ಊರ ನಡುವೆ, ದೇವಿಯ ಹೆಸರಿನಲ್ಲಿ ಸಿಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಕೊಡ ಇಳಿಸಿದ ಮೇಲೆ, ದೇವಿಯ ನೆರಳಿನಾಚೆ, ಅದೇ ಊರು ಬೇರೆ ದನಿಯಲ್ಲಿ ಕರೆಯುತ್ತದೆ. ಜೋಗಪ್ಪರನ್ನು ಗೌರವದ ಪರಂಪರೆಯೆಂದು ಕೊಂಡಾಡಿ ಕೋಥಿ ಮತ್ತು ಹಿಜ್ರಾಗಳನ್ನು ಹೊರಗಿನ ನಗರದ ವ್ಯಸನವೆಂದು ಬದಿಗಿಡುವ ಬರವಣಿಗೆ ನಮ್ಮಲ್ಲಿ ಬಹಳ ಇದೆ. ಅದು ಒಂದೇ ಸಂಬೋಧನೆಯ ಎರಡು ನೆಲೆಗಳನ್ನು ಕಾಣದ ಬರವಣಿಗೆ. ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, 2021ರಲ್ಲಿ ಪದ್ಮಶ್ರೀ ಪಡೆದುದು ಸಾರ್ವಜನಿಕ ಸಂಬೋಧನೆಯ ಚರಿತ್ರೆಯಲ್ಲಿ ಗಮನಾರ್ಹ ಘಟನೆಗಳು.

ಇನ್ನು ಪದಪಟ್ಟಿಯ ಚರಿತ್ರೆ. ಭಾರತದ ಗುಪ್ತ ನುಡಿಗಳ ಕೋಶಗಳಲ್ಲಿ ಮೊದಲ ದೊಡ್ಡದು ಭಾಷಾಶಾಸ್ತ್ರಜ್ಞನದಲ್ಲ. 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ‘ರಾಮಸೀಯಾನ’, ಠಕ್ಕರನ್ನು ಹಿಡಿಯುವ ಅಧಿಕಾರಿಯಾಗಿದ್ದ ಸ್ಲೀಮನ್ನನ ಕೃತಿ. 1908ರಲ್ಲಿ ಕೆನಡಿ ಎಂಬ ಪೊಲೀಸ್ ಅಧಿಕಾರಿ ಮುಂಬಯಿ ಪ್ರಾಂತದ ‘ಅಪರಾಧಿ ವರ್ಗ’ಗಳನ್ನು ಕುರಿತು ಕೈಪಿಡಿ ಬರೆದ. ಗ್ರಿಯರ್ಸನ್ನನ ಭಾಷಾ ಸಮೀಕ್ಷೆಯ ಹನ್ನೊಂದನೆಯ ಸಂಪುಟ 1922ರಲ್ಲಿ ಅಲೆಮಾರಿಗಳ ನುಡಿಗಳನ್ನು ಒಟ್ಟುಗೂಡಿಸಿತು. ಪೊಲೀಸನ ಪಟ್ಟಿ ಮತ್ತು ವಿದ್ವಾಂಸನ ಪಟ್ಟಿ ಒಂದೇ ಮನೆತನದವು ಎಂಬುದನ್ನು ಜಾನಪದ ಶಿಸ್ತು ಮರೆಯಬಾರದು. ರಾಯಚೂರು ಸೀಮೆಗೆ ಇದು ದೂರದ ಮಾತಲ್ಲ. ಹೈದರಾಬಾದ್ ಸಂಸ್ಥಾನವು 1329 ಫಸಲಿಯಲ್ಲಿ, ಎಂದರೆ 1919-20ರ ಸುಮಾರಿಗೆ, ‘ನಪುಂಸಕ’ರೆಂದು ಕರೆಯಲಾದವರ ಮೇಲೆ ಕಾಯ್ದೆಯೊಂದನ್ನು ತಂದಿತು. ಹೈದರಾಬಾದ್ ನಗರದಲ್ಲಿ ಹಾಗೂ ಸರ್ಕಾರ ಗೊತ್ತುಪಡಿಸುವ ಇತರ ಸ್ಥಳಗಳಲ್ಲಿ ಶಂಕಿತರ ಹೆಸರು ಮತ್ತು ವಾಸಸ್ಥಳಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯುವುದು, ಬರೆಸಿಕೊಂಡವರು ಹೆಣ್ಣುಡುಗೆಯಲ್ಲಿ ಬೀದಿಯಲ್ಲಿ ಕಂಡರೆ ಅಥವಾ ಸಾರ್ವಜನಿಕವಾಗಿ ಕುಣಿದರೆ ಬಂಧಿಸುವುದು ಅದರ ಸಾರ. ತೆಲಂಗಾಣದಲ್ಲಿ ಉಳಿದುಬಂದ ಆ ಕಾಯ್ದೆಯನ್ನು ಅಲ್ಲಿಯ ಹೈಕೋರ್ಟು ಸಂವಿಧಾನಬಾಹಿರವೆಂದು ಸಾರಿದ್ದು 2023ರ ಜುಲೈಯಲ್ಲಿ. ಕರ್ನಾಟಕವೂ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಿ ಅದೇ ಬಗೆಯ ದಾಖಲೆ ಪುಸ್ತಕಕ್ಕೆ ಅವಕಾಶ ಮಾಡಿತ್ತು. ವಿರೋಧದ ನಂತರ ಅದರ ಪದಗಳನ್ನು ಬದಲಿಸಲಾಯಿತು. ಹೆಸರಿನ ಪಟ್ಟಿಗೆ ಹೆದರಿದ ಜನ ಪದದ ಪಟ್ಟಿಗೆ ಹೆದರುವುದು ಸಹಜ.

ಇಂಗ್ಲೆಂಡಿನಲ್ಲಿ ಗುಟ್ಟನ್ನು ಬಯಲು ಮಾಡಿದ್ದು ಬಾನುಲಿಯ ನಗೆಯಾದರೆ ನಮ್ಮಲ್ಲಿ ಆ ಕೆಲಸವನ್ನು ಮಾಡಿದ್ದು ಆರೋಗ್ಯ ಯೋಜನೆಗಳ ನಮೂನೆ. 1990ರ ದಶಕದಿಂದ ಎಚ್.ಐ.ವಿ. ತಡೆ ಕಾರ್ಯಕ್ರಮಗಳು ಬೆಳೆದಂತೆ ಕೋಥಿ, ಪಂಥಿ, ಡಬಲ್ ಡೆಕ್ಕರ್ ಎಂಬ ಒಳಮಾತುಗಳು ಗುರಿ ಗುಂಪುಗಳ ಉಪವಿಭಾಗಗಳಾಗಿ ಅಚ್ಚಿನ ಕಾಲಮ್ಮುಗಳಿಗೆ ಇಳಿದವು. ಇದರಿಂದ ಚಿಕಿತ್ಸೆ ದೊರೆಯಿತು, ಸಂಘಟನೆಗಳು ಹುಟ್ಟಿದವು, ಜೀವಗಳು ಉಳಿದವು. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಮಾತಿನ ಮಟ್ಟಿಗೆ ಆದದ್ದು ಬೇರೆ. ಒಬ್ಬರು ಇನ್ನೊಬ್ಬರಿಗೆ ಕೊಡುತ್ತಿದ್ದ ಹೆಸರು ಗುರುತಿನ ಗುಣವಾಯಿತು. ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತಿದ್ದದ್ದು ಕಾಲಮ್ಮಿನಲ್ಲಿ ಸ್ಥಿರವಾಯಿತು. ಲಾರೆನ್ಸ್ ಕೋಹೆನ್ 2005ರ ತಮ್ಮ ಲೇಖನದಲ್ಲಿ ಈ ವರ್ಗೀಕರಣದ ಸುತ್ತಲಿನ ಜಗಳಗಳನ್ನೇ ವಿಶ್ಲೇಷಿಸಿದ್ದಾರೆ. ಪಿ.ಯು.ಸಿ.ಎಲ್. ಕರ್ನಾಟಕ ಘಟಕ 2001 ಮತ್ತು 2003ರಲ್ಲಿ ಹೊರತಂದ ವರದಿಗಳು ಬೇರೆ ಬಗೆಯವು. ಅಲ್ಲಿ ಇದೇ ಪದಗಳು ಪೊಲೀಸ್ ಹಿಂಸೆಯನ್ನು ಅನುಭವಿಸಿದವರ ಹೇಳಿಕೆಗಳ ನಡುವೆ ಬರುತ್ತವೆ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು ತಿಳಿಯುವುದರಿಂದ ಪದಕ್ಕೆ ನೆಲೆ ಇದೆ. ಸಂಗ್ರಾಹಕರು ಕಲಿಯಬೇಕಾದದ್ದು ಆ ವರದಿಗಳಿಂದ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೆಯ ಕಲಮಿನ ವ್ಯಾಪ್ತಿಯಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ತೆಗೆಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಪೊಲಾರಿಯ ಸೂತ್ರದ ಪ್ರಕಾರ ಕೋಥಿ ನುಡಿ ಈಗ ಕ್ಷೀಣಿಸಬೇಕು. ಹಾಗಾಗಬೇಕಾಗಿಲ್ಲ ಎನ್ನಲು ಕಾರಣ ನ್ಯಾಯಾಲಯದಾಚೆ ಇದೆ. ಮದುವೆ ಮಾಡಿಸುವ ಮನೆ, ಬಾಡಿಗೆ ಕೊಡದ ಓಣಿ, ಕೆಲಸ ಕೊಡದ ಪೇಟೆ ಕಲಮಿನೊಂದಿಗೆ ಹೋಗಲಿಲ್ಲ. ಮಿಗಿಲಾಗಿ, ಗುರು-ಚೇಲಾ ಸಂಬಂಧದ ಮನೆಯಲ್ಲಿ ನಾನಿ, ಅಕ್ಕ, ಮಗಳು ಎಂಬ ಬಂಧುತ್ವದ ಮಾತುಗಳೊಂದಿಗೆ ಹೆಣೆದುಕೊಂಡ ನುಡಿ ಇದು. ಪೊಲಾರಿಗೆ ಹಡಗು, ರಂಗಮಂದಿರ, ಪಾನಗೃಹಗಳಿದ್ದವು. ತಲೆಮಾರಿನಿಂದ ತಲೆಮಾರಿಗೆ ನುಡಿಯನ್ನು ದಾಟಿಸುವ ಇಂಥ ಮನೆ ಇರಲಿಲ್ಲ.

ಕನ್ನಡದ ಸಾಹಿತ್ಯ ಈ ವಿಚಾರದಲ್ಲಿ ಶಾಸ್ತ್ರಕ್ಕಿಂತ ಮುಂದಿದೆ. ಎ. ರೇವತಿಯವರ ಆತ್ಮಕಥನ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಬಂದಿದೆ. ಮಂಜಮ್ಮನವರ ‘ನಡುವೆ ಸುಳಿವ ಹೆಣ್ಣು’ ಇದೆ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಸಲಿಂಗಕಾಮಿ ಪುರುಷನ ಬದುಕನ್ನು ಕನ್ನಡ ಕಥೆಯ ನಡುಮನೆಗೆ ತಂದಿತು. ಈ ಕೊನೆಯ ಕೃತಿಯ ನಾಯಕನಿಗೆ ಒಳನುಡಿ ಇಲ್ಲ. ಅವನು ಓದಿದವನು, ನಗರ ಸೇರಿದವನು, ಬಹುಮಟ್ಟಿಗೆ ಒಬ್ಬಂಟಿ. ‘ಆಕಿ ಬಂದಾಳ’ ಎನ್ನುವ ಗೆಳತಿಯರ ಗುಂಪು ಅವನಿಗಿಲ್ಲ. ಅವನ ಒಂಟಿತನದ ಒಂದು ಪದರ ಇದೇ ಆಗಿರಬಹುದೆಂದು ಓದಿದರೆ ಕೃತಿ ಇನ್ನಷ್ಟು ತೆರೆದುಕೊಳ್ಳುತ್ತದೆ. ವರ್ಗ ಮತ್ತು ಜಾತಿಯ ಗೆರೆಗಳು ಯಾರಿಗೆ ಗುಪ್ತ ನುಡಿ ಸಿಗುತ್ತದೆ, ಯಾರಿಗೆ ಇಂಗ್ಲಿಷ್ ಸಿಗುತ್ತದೆ ಎಂಬುದನ್ನೂ ನಿರ್ಧರಿಸುತ್ತವೆ.

ಹಾಗಾದರೆ ಕ್ಷೇತ್ರಕಾರ್ಯ ಮಾಡುವವನು ಏನನ್ನು ಬರೆದುಕೊಳ್ಳಬೇಕು? ಪ್ರಚಲಿತ ಪ್ರಶ್ನಾವಳಿಗಳು ‘ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ’ ಎಂದು ಆರಂಭವಾಗುತ್ತವೆ. ಅದರ ಬದಲು ಯಾರು ಯಾರನ್ನು ಯಾವಾಗ ಹೇಗೆ ಕರೆಯುತ್ತಾರೆ, ಯಾರು ಬಂದೊಡನೆ ‘ಆಕಿ’ ‘ಅಂವ’ ಆಗುತ್ತದೆ, ಯಾರ ಎದುರು ಮಾತು ಪೂರ್ತಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಇದಕ್ಕೆ ಒಂದು ಗುಪ್ತ ಪದವನ್ನೂ ಅಚ್ಚು ಮಾಡಬೇಕಾಗಿಲ್ಲ. ಧ್ವನಿಮುದ್ರಣಗಳನ್ನು ಯಾವ ಸಂಸ್ಥೆ ಇಟ್ಟುಕೊಂಡರೂ ಅವುಗಳನ್ನು ಯಾರು ಕೇಳಬಹುದು, ಎಷ್ಟು ವರ್ಷಗಳ ನಂತರ ಕೇಳಬಹುದು ಎಂಬುದನ್ನು ಆವೇದಕರೇ ಬರೆಸಿ ಸಹಿ ಮಾಡಬೇಕು. ಒಪ್ಪಿಗೆ ಹಿಂತೆಗೆದುಕೊಂಡರೆ ಮುದ್ರಣವನ್ನು ಅವರಿಗೆ ಮರಳಿಸಬೇಕು. ಸಂಕಲನದಲ್ಲಿ ಊರಿನ ಹೆಸರಿನ ಬದಲು ತಾಲ್ಲೂಕಿನ ಹೆಸರು ಸಾಕು. ದೇವದುರ್ಗದಂಥ ಸಣ್ಣ ಪಟ್ಟಣದಲ್ಲಿ ಓಣಿಯ ಹೆಸರನ್ನು ಬರೆದರೆ ಮನೆಯನ್ನೇ ತೋರಿಸಿದಂತಾಗುತ್ತದೆ.